ಹುಲ್ಲಿನ ಪೆಟ್ಟಿಗೆಯಲ್ಲಿ ಬೆಂದ ಬೇಳೆ

ಎಪ್ಪತ್ತರ ದಶಕದಲ್ಲಿ, ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದ ಕಾಲದಲ್ಲಿ, ಮನೆಮನೆಗೆ ಹೋಗಿ ಹುಲ್ಲಿನ ಪೆಟ್ಟಿಗೆಯ ಅಡುಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಬೇಳೆಯನ್ನು ಹತ್ತು ನಿಮಿಷ ಕುದಿಸಿ, ಪಾತ್ರೆ ಮುಚ್ಚಿ, ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿಟ್ಟರೆ ಒಳಗಿನ ಬಿಸಿಗೇ ನಿಧಾನವಾಗಿ ಬೇಯುತ್ತದೆ. ಒಮ್ಮೆಯೂ ಕೈಕೊಟ್ಟಿರಲಿಲ್ಲ.

ರಾಜಾಜಿನಗರದ ಒಂದು ಮನೆಯ ಜಗಲಿಯಲ್ಲಿ ಬೇಳೆ ಪಾತ್ರೆ ಸಮೇತ ಪೆಟ್ಟಿಗೆ ಇಟ್ಟು, ಒಳಗೆ ಹೆಂಗಸರಿಗೆ ಭಾಷಣ ಬಿಗಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ, ಬಾಗಿಲಲ್ಲೇ ಹಾಲು ಕರೆದುಕೊಡುವ ಗೌಡರ ಹಸು ಮುಚ್ಚಳ ತಳ್ಳಿ ಹುಲ್ಲು ಮೇಯುತ್ತಿದೆ!

"ಅಣ್ಣಾ, ನಿಮ್ಮ ಹಸು ನನ್ನ ಒಲೆ ತಿಂತಾ ಇದೆ!"

"ಒಲೇನಾ? ಮೇವು ಇಟ್ಟಿದೀರಿ ಅಂದ್ಕೊಂಡೆ ಕಣಮ್ಮ," ಎಂದ ಗೌಡರು ಹೆಗಲ ಮೇಲಿನ ಕಂಬಳಿ ತೆಗೆದುಕೊಟ್ಟರು. "ಇದನ್ನ ಸುತ್ತಿ. ಹೊದ್ದುಕೊಂಡ್ರೆ ನಾವೇ ಬೆಂದುಹೋಗ್ತೀವಿ."

ಮನೆಯೊಡತಿ ಮೂಗು ಮುರಿದರು. ನಾನು ಪಾತ್ರೆಗೆ ಕಂಬಳಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟೇಬಿಟ್ಟೆ. ಎರಡು ಗಂಟೆ ಬಿಟ್ಟು ತೆಗೆದರೆ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಮೂಗು ಮುರಿದವರೇ, "ಈ ಕಂಬಳಿ ಎಲ್ಲಿ ಸಿಗುತ್ತೆ ಗೌಡ್ರೇ?" ಅಂದರು.

ಅಂದಿನಿಂದ ನನ್ನ ಪೆಟ್ಟಿಗೆಗೆ ಕಂಬಳಿಯೇ. ಹೊಸ ಉಪಾಯ ಕಂಡುಹಿಡಿದೆನೆಂದು ಆಫೀಸಿನಲ್ಲಿ ನನ್ನನ್ನು ಹೊಗಳಿದರು. ಹಸುವಿನ ವಿಷಯ ಮಾತ್ರ ನಾನು ಬಾಯಿಬಿಡಲಿಲ್ಲ.