ಅಜ್ಜಿ ಕೇಳಿದ ಸೀರೆಗಳು

ಹೊಸ ಸೀರೆಯ ಕವರಿನ ಮೇಲಿದ್ದ ಬೆಲೆಚೀಟಿಯನ್ನು ಅಮ್ಮ ಉಗುರಿನಿಂದ ಕೀಳುತ್ತಿರಲಿಲ್ಲ. ತೋರುಬೆರಳಿಗೆ ಕೊಬ್ಬರಿ ಎಣ್ಣೆ ಅದ್ದಿಕೊಂಡು ಚೀಟಿಯ ನಾಲ್ಕೂ ಅಂಚಿಗೆ ಸವರಿ, ಅಂಟು ನೆನೆಯುವವರೆಗೆ ಬೇರೆ ಕೆಲಸ ನೋಡಿಕೊಂಡು, ಆಮೇಲೆ ಇಡಿಯಾಗಿ ಎಬ್ಬಿಸಿ ತೆಗೆಯುತ್ತಿದ್ದಳು. ಹರಿದ ಗುರುತಾಗಲಿ ಅಂಟಿನ ಕಲೆಯಾಗಲಿ ಉಳಿಯುತ್ತಿರಲಿಲ್ಲ. “ಎಡೆಗೆ ಇಡೋ ಸೀರೆ, ಇರೀಕರಿಗೆ ರೇಟು ಕಾಣಬಾರ್ದು ಕಣವ್ವ” ಎನ್ನುತ್ತಿದ್ದಳು. ಕಾಣಬಾರದಿದ್ದದ್ದು ಅಪ್ಪನಿಗೆ ಎಂಬುದು ನಾನು ಹೈಸ್ಕೂಲು ಸೇರುವ ಹೊತ್ತಿಗೆ ನನಗೆ ಅರ್ಥವಾಗಿತ್ತು.

ನಮ್ಮ ಮನೆ ಮಳವಳ್ಳಿಯಲ್ಲಿ. ಅಪ್ಪನದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಸುತ್ತಲಿನ ಊರುಗಳಲ್ಲಿ ಮೋಟಾರು ಸುಟ್ಟಾಗಲೆಲ್ಲ ನಮ್ಮ ಅಂಗಡಿಗೇ ಬರುತ್ತಿದ್ದುದರಿಂದ ಸಂಪಾದನೆಗೆ ಕೊರತೆಯಿರಲಿಲ್ಲ. ಆದರೆ ಮನೆಗೆ ಏನೇ ಬೇಕೆಂದರೂ ಅಪ್ಪ ಮೋಟಾರಿನ ಬಗ್ಗೆ ಕೇಳುವುದನ್ನೇ ಕೇಳುತ್ತಿದ್ದ: “ಇರೋದು ಓಡ್ತಾ ಅದಲ್ಲ?” ಮಿಕ್ಸಿಗೂ ಅದೇ, ಚಪ್ಪಲಿಗೂ ಅದೇ, ಅಮ್ಮನ ಸೀರೆಗೂ ಅದೇ. ಅಮ್ಮ ಸೆರಗಿನ ಹರಿದ ಜಾಗ ಹಿಡಿದು ತೋರಿಸಿದರೆ, ಒಳಗೆ ಮಡಚಿಕೋ, ಇನ್ನೂ ಎರಡು ವರ್ಷ ಓಡುತ್ತದೆ ಎನ್ನುತ್ತಿದ್ದ. ಅವನನ್ನು ಯಾರಾದರೂ ಜಿಪುಣ ಎಂದರೆ ನನಗೆ ಸಿಟ್ಟು ಬರುತ್ತಿತ್ತು. ಹಾಳಾದದ್ದನ್ನು ಸರಿಮಾಡಿಯೇ ಬದುಕಿದವನಿಗೆ ಹೊಸದನ್ನು ಕೊಳ್ಳುವುದು ಸೋಲಿನ ಹಾಗೆ ಕಾಣುತ್ತಿತ್ತು, ಅಷ್ಟೆ.

ವರ್ಷಕ್ಕೆ ಒಮ್ಮೆ ಮಾತ್ರ ಆ ಪ್ರಶ್ನೆ ಬರುತ್ತಿರಲಿಲ್ಲ. ಪಿತೃಪಕ್ಷದಲ್ಲಿ, ಹಿರಿಯರ ಹಬ್ಬಕ್ಕೆ. ನಮ್ಮ ಕಡೆ ಸತ್ತವರಿಗೆಂದು ಹೊಸ ಬಟ್ಟೆ ತಂದು ಕಳಸದ ಪಕ್ಕ ಇಡುತ್ತೇವೆ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾಗಿದ್ದದ್ದನ್ನೆಲ್ಲ ಎಡೆ ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತೇವೆ. ಇಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ಉಡಬೇಕು. ತಾತನ ಹೆಸರಿನ ಪಂಚೆ ಅಪ್ಪನಿಗೆ, ಅಜ್ಜಿಯ ಹೆಸರಿನ ಸೀರೆ ಅಮ್ಮನಿಗೆ.

ತಾತ ಹೋದಾಗ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದನಂತೆ. ಅಜ್ಜಿ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಹಬ್ಬ ಹತ್ತಿರ ಬಂದಾಗಲೆಲ್ಲ ಆ ಅಜ್ಜಿ ಅಮ್ಮನ ಕನಸಿಗೆ ಬರುತ್ತಿದ್ದಳು.

“ನಿಮ್ಮವ್ವ ಬಂದಿತ್ತು ಕಣ್ರಿ,” ಎಂದು ಅಮ್ಮ ಬೆಳಿಗ್ಗೆ ಅಪ್ಪನಿಗೆ ಕಾಫಿ ಕೊಡುತ್ತ ಹೇಳುತ್ತಿದ್ದಳು.

“ಏನಂತೆ?”

“ಗಿಳಿ ಅಸಿರು ಸೀರೆ ಬೇಕಂತೆ. ಅಂಚು ದೊಡ್ಡದಿರ್ಬೇಕಂತೆ.”

“ನಮ್ಮವ್ವ ಎಲ್ಲಿ ಅಸಿರು ಉಡ್ತಿತ್ತು? ಕಾಫಿಪುಡಿ ಬಣ್ಣ ಬುಟ್ಟು ಬೇರೆ ಮುಟ್ತಿರ್ನಿಲ್ಲ.”

“ಅದು ಇಲ್ಲಿದ್ದಾಗ. ಈಗ ಅಲ್ಲಿ ಮಾವನ ಜೊತೆಗೈತಲ್ಲ. ಮುತ್ತೈದೆ ಅಲ್ವಾ ಈಗ?”

ಅಪ್ಪ ಲೋಟ ಕೆಳಗಿಡುತ್ತಿದ್ದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಜೇಬಿಗೆ ಕೈ ಹಾಕುತ್ತಿದ್ದ. ಒಂದು ವರ್ಷ ಅಜ್ಜಿಗೆ ಸೆಕೆಯಾಯಿತಂತೆ. ಆ ಸಲ ಕುಂಕುಮ ಹಚ್ಚಿಸಿಕೊಂಡ ಹೊಸ ಟೇಬಲ್ ಫ್ಯಾನು ಎಡೆಯ ಪಕ್ಕ ಕೂತಿತು.

ಆ ಸೀರೆಗಳನ್ನು ಅಮ್ಮ ಮಳವಳ್ಳಿಯಲ್ಲಿ ಕೊಳ್ಳುತ್ತಿರಲಿಲ್ಲ. ಇಲ್ಲಿ ಅಂಗಡಿಯವರೆಲ್ಲ ಅಪ್ಪನ ಗಿರಾಕಿಗಳು. ನನ್ನನ್ನು ಕರೆದುಕೊಂಡು ಮಂಡ್ಯದ ಪೇಟೆಬೀದಿಗೆ ಹೋಗುತ್ತಿದ್ದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೊಂದಾಗಿ ಬಿಡಿಸಿ ಹಾಕಿಸಿ, ಕೊನೆಗೆ ಒಂದನ್ನು ತನ್ನ ಭುಜದ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಗದ್ದ ಒಳಗೆಳೆದುಕೊಂಡು, ಉಸಿರು ಹಿಡಿದು.

“ನಿಮಗಾ ಅಕ್ಕ?” ಎಂದು ಅಂಗಡಿಯವನು ಕೇಳಿದರೆ, “ಅಲ್ಲಪ್ಪ, ನಮ್ಮತ್ತೆಗೆ” ಎನ್ನುತ್ತಿದ್ದಳು.

“ಅತ್ತೆಗೆ ಇಷ್ಟು ಗಾಢ ಕಲರ್ರಾ?”

“ಅವ್ರಿಗೆ ಸೋಕಿ ಜಾಸ್ತಿ.”

ಹೀಗೆ ನಾನು ಕಾಣದ ಅಜ್ಜಿಯೊಬ್ಬಳು ನಮ್ಮ ಮನೆಯಲ್ಲಿ ಬೆಳೆದಳು. ಗಿಳಿಹಸಿರು ಸೀರೆಯುಟ್ಟು ಫ್ಯಾನಿನ ಗಾಳಿಗೆ ಕೂತ ಹೆಂಗಸು. ಅಮ್ಮ ಕಟ್ಟಿದ ಸುಳ್ಳು ಎಂದು ಗೊತ್ತಿದ್ದರೂ, ಒಬ್ಬಳೇ ಓದುತ್ತ ಕೂತಾಗ ಆ ಫ್ಯಾನು ಕತ್ತು ತಿರುಗಿಸಿ ನನ್ನ ಕಡೆ ನೋಡಿದರೆ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಇಲ್ಲದವಳು ಹೇಗೋ ಬಂದುಬಿಟ್ಟಿದ್ದಾಳೆ ಅನಿಸುತ್ತಿತ್ತು.

ಅಮ್ಮ ಒಂದು ಮಧ್ಯಾಹ್ನ, ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟೂ ಹೊತ್ತು ಕೊಡದೆ ಹೋದಳು. ನಾನು ಹೇಳುತ್ತಿರುವುದು ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬದ ಸಂಗತಿ. ಆಗಲೇ ನಾನು ಮಂಡ್ಯದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಊರಿಗೆ ಬರುತ್ತಿದ್ದೆ. ನನ್ನ ಖರ್ಚಿನ ವಿಷಯ ನಾನು ಯಾರ ಹತ್ತಿರವೂ ಮಾತಾಡುವವಳಲ್ಲ. ಫೋನಿನಲ್ಲಿ ಓಲೆಯನ್ನೋ ಕುರ್ತಾವನ್ನೋ ಆರಿಸಿ ಕಾರ್ಟಿಗೆ ಹಾಕಿ ತಿಂಗಳುಗಟ್ಟಲೆ ಬಿಟ್ಟಿರುತ್ತೇನೆ. ಬೆಲೆ ಇಳಿದಿದೆ ಎಂದು ಅದು ಎಚ್ಚರಿಸಿದಾಗ ಅಳಿಸುತ್ತೇನೆ. ಇರೋದು ಓಡ್ತಾ ಅದಲ್ಲ ಎಂದು ಕೇಳಲು ನನಗೆ ಅಪ್ಪ ಎದುರಿಗೆ ಇರಬೇಕಾಗಿರಲಿಲ್ಲ.

ಪಕ್ಷ ಶುರುವಾದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಫೋನು ಮಾಡತೊಡಗಿದ.

“ಬಂದಿದ್ಲಾ ಮಗ?”

“ಯಾರಪ್ಪ?”

“ನಿಮ್ಮಮ್ಮ. ಏನಾರ ಕೇಳಿದ್ಲಾ?”

ಇಲ್ಲ ಎಂದೆ. ಮರುದಿನವೂ ಇಲ್ಲ ಎಂದೆ. ಸೀರೆ ತರುತ್ತೇನೆ, ಯಾವ ಬಣ್ಣವಾದರೇನು ಎಂದರೆ ಒಪ್ಪಲಿಲ್ಲ. “ಕೇಳ್ದೆ ತಂದ್ರೆ ಅವ್ಳು ಉಡ್ತಾಳಾ? ನಮ್ಮವ್ವ ವರ್ಷ ವರ್ಷ ಬಂದು ಕೇಳ್ತಿತ್ತು. ಇವ್ಳು ಯಾಕ್ ಬತ್ತಿಲ್ಲ?” ಎಂದು ಕೇಳಿ, “ನನ್ ಮ್ಯಾಲೆ ಸಿಟ್ಟೇನೋ. ಬದುಕಿದ್ದಾಗ ಒಂದಿನ ಅವ್ಳ ಎಸ್ರಲ್ಲಿ ಒಂದು ತಂದುಕೊಡ್ನಿಲ್ಲ. ಬರಾಕೆ ಇಷ್ಟ ಇಲ್ದಿದ್ರೆ ಬಲವಂತ ಬ್ಯಾಡ. ಕಳಸದ ತಾವು ಬಟ್ಟೆ ಇಡೋದು ಬ್ಯಾಡ ಬುಡು” ಎಂದ.

ಬಂದಿದ್ದಳು ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅದು ನನ್ನ ಬಾಯಿಗೆ ಬರಲಿಲ್ಲ. ಸುಳ್ಳಿಗೆ ಹೆದರಿ ಅಲ್ಲ. ಅಮ್ಮ ಹೋದಾಗಿನಿಂದ ನಾನೂ ಕಾಯುತ್ತಿದ್ದೆ. ಒಮ್ಮೆಯೂ ಬಂದಿರಲಿಲ್ಲ. ಸತ್ತವರನ್ನು ಕನಸಿನಲ್ಲಿ ಕಂಡೆವು ಎಂದು ಸಹೋದ್ಯೋಗಿಗಳು ಹೇಳಿಕೊಂಡಾಗ ನಾನು ಎದ್ದು ಹೋಗುತ್ತಿದ್ದೆ. ಬಾರದವಳನ್ನು ಬಂದಳು ಎಂದುಬಿಟ್ಟರೆ, ನಿಜವಾಗಿ ಬರುವ ದಾರಿಯನ್ನು ನಾನೇ ಮುಚ್ಚಿದ ಹಾಗಾಗುತ್ತದೆ ಎಂಬ ಭಯ. ಪಾಠ ಹೇಳುವವಳು ಹೀಗೆಲ್ಲ ಯೋಚಿಸಬಾರದು ಎಂದುಕೊಳ್ಳುತ್ತಲೇ ಯೋಚಿಸುತ್ತಿದ್ದೆ.

ಹಬ್ಬದ ಹಿಂದಿನ ದಿನ ಮದ್ದೂರಿನಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ನೇರ ಮಂಡ್ಯಕ್ಕೆ ಬಂದು, ಕಾಲೇಜು ಮುಗಿಸಿ ಹೊರಬಂದ ನನ್ನನ್ನು ಗೇಟಿನಲ್ಲೇ ಹಿಡಿದಳು.

“ನಡಿಯೇ, ಸೀರೆ ತರಾವ. ಬಸ್ಸು ಬಿಟ್ಟಿ, ಕಾಲು ಗಟ್ಟಿ, ಇನ್ನೇನ್ ದಾಡಿ?”

“ಅಪ್ಪ ಬೇಡ ಅಂದಿದೆ ಅತ್ತೆ. ಅಮ್ಮ ಕೇಳಿಲ್ಲ ಅಂತ.”

“ನಿಮ್ಮಮ್ಮಂಗೆ ಯಾವತ್ತು ಕನಸು ಬಿದ್ದಿತ್ತು? ಮಲಗಿದ್ರೆ ಕೊರಡು ಬಿದ್ದಂಗೆ ಬೀಳೋಳು. ಕನಸಂತೆ, ಅಸಿರು ಸೀರೆಯಂತೆ!” ಎಂದು ಜೋರಾಗಿ ನಕ್ಕಳು.

“ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ? ಸುರುವಿನಾಗೆ ಸಿಟ್ಟು ಬಂದಿತ್ತು ಕಣೆ. ನಮ್ಮವ್ವನ್ನ ಬೊಂಬೆ ಮಾಡ್ಕಂಡು ಆಡಿಸ್ತಾಳಲ್ಲ ಅಂತ. ಒಂದ್ಸಲ ಜಗಳ ಆಡಾನಾ ಅಂತ್ಲೇ ಬಂದಿದ್ದೆ. ಬಂದ್ರೆ ನಿಮ್ಮಪ್ಪ ಓಡಿ ಬಂದು, ಅಕ್ಕ, ಅವ್ವ ಅಪ್ಪ ಜೊತೆಗವ್ರಂತೆ ಅಂತು. ಎಳೆಮಗಿನಂಗೆ. ಏನ್ ಏಳ್ಲಿ? ಬಾಯ್ ಮುಚ್ಕಂಡು ವಡೆ ತಿಂದು ಓದೆ.” ಸ್ವಲ್ಪ ದೂರ ನಡೆದು, “ನಿನ್ ಕನಸಲ್ಲಿ ಬಂದ್ರೆ, ಅತ್ತಿಗೇಗೂ ಒಂದು ಕೊಡ್ಸು ಅಂದ್ಲು ಅನ್ನು, ನಿನ್ ಗಂಟೇನ್ ಓದದು” ಎಂದಳು.

ಪೇಟೆಬೀದಿಯ ಅದೇ ಅಂಗಡಿ. ಅಂಗಡಿಯವನು ಯಾರಿಗೆ ಎಂದ. ಅಮ್ಮನಿಗೆ ಎಂದೆ. “ಅಮ್ಮ ಬಣ್ಣ ಎಂಗವ್ರೆ, ಬೆಳ್ಳಗಾ?” ಎಂದು ಕೇಳಿದ. ನನ್ನ ಹಾಗೇ ಎಂದೆ. “ಅಂಗಾದ್ರೆ ನಿಮ್ ಮ್ಯಾಲೆ ಹಾಕ್ಕಂಡು ನೋಡಿ ಮೇಡಂ.” ಕಡುನೇರಳೆ ಬಣ್ಣದ್ದೊಂದನ್ನು ಭುಜಕ್ಕೆ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದಾಗ ನಾನು ಗದ್ದ ಒಳಗೆಳೆದುಕೊಂಡು ಉಸಿರು ಹಿಡಿದಿದ್ದೆ. ಹಿಂದೆ ಕೂತಿದ್ದ ಅತ್ತೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ನಾನು ಬೇಗ ಸೀರೆ ತೆಗೆದು, ಫೋನಿನಲ್ಲಿ ದುಡ್ಡು ಕಟ್ಟಿ, ಬೇರೆ ಏನನ್ನೂ ನೋಡದೆ ಹೊರಗೆ ಬಂದೆ.

ಮರುದಿನ ಸಂಜೆ ಮಳವಳ್ಳಿಯ ಮನೆಯಲ್ಲಿ ಎಡೆ ಇಟ್ಟೆವು. ನಾನು ತಂದ ಕವರನ್ನು ಅಪ್ಪ ನೋಡಿದ, ಕೇಳಲಿಲ್ಲ. ಅದನ್ನು ಕಳಸದ ಪಕ್ಕ ಇಡಲೂ ಇಲ್ಲ. ಕುರ್ಚಿಯ ಮೇಲೆಯೇ ಬಿಟ್ಟು, ಎಂದಿನಂತೆ ಅಜ್ಜಿಗೆಂದು ಫ್ಯಾನು ಹಾಕಿ, ಬಾಗಿಲು ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ನಾನೂ ಅತ್ತೆಯೂ ಕೆಳಗಿನ ಮೆಟ್ಟಿಲಲ್ಲಿ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಮುಚ್ಚಿದ ಬಾಗಿಲಿನ ಆಚೆ ಫ್ಯಾನು ತಿರುಗಿ, ಕೊನೆಯಲ್ಲಿ ಟಕ್ಕೆಂದು ನಿಂತು, ಮತ್ತೆ ತಿರುಗುವುದು ಕೇಳುತ್ತಿತ್ತು. ಸಾಂಬ್ರಾಣಿಯ ವಾಸನೆಯೂ ಮಾಂಸದ ಸಾರಿನ ವಾಸನೆಯೂ ಬಾಗಿಲ ಸಂದಿಯಿಂದ ಬರುತ್ತಿದ್ದವು.

“ನಿಮ್ಮಮ್ಮ ಬಾಗ್ಲವರ್ಗೂ ಬಂದು ವಾಪಸ್ ಓಯ್ತಾಳೆ ಈಗ,” ಎಂದ ಅಪ್ಪ. “ಎಲ್ರಿಗೂ ಇಟ್ಟವ್ರೆ, ನಂಗಿಲ್ಲ ಅಂತ.”

ನಾನು ತಿರುಗಿ ನೋಡಲಿಲ್ಲ.

“ಬಂದಿದ್ಲು ಅಪ್ಪ,” ಎಂದೆ. “ನಿನ್ನೆ ಬೆಳಗಿನ ಜಾವ. ನೇರಳೆ ಬಣ್ಣದ್ದು ಕೇಳಿದ್ಲು.”

ಅಪ್ಪನ ಉಸಿರು ಕೇಳಿಸಿತು. ನಾನು ಎಣಿಸಿದ್ದಕ್ಕಿಂತ ಸುಲಭವಾಗಿತ್ತು, ಆಮೇಲಿನ ಪ್ರಶ್ನೆ ಬರುವವರೆಗೆ.

“ಒಬ್ಳೇ ಬಂದಿದ್ಲಾ?”

ಅದಕ್ಕೆ ನಾನು ತಯಾರಾಗಿರಲಿಲ್ಲ. ಪಕ್ಕದಲ್ಲಿದ್ದ ಅತ್ತೆಯ ಕಡೆ ನೋಡಿದೆ.

“ಅಜ್ಜಿನೂ ಇತ್ತು.”

“ಏನ್ ಉಟ್ಟಿತ್ತು ನಮ್ಮವ್ವ?”

“ಹಸಿರು,” ಎಂದೆ.

ಅತ್ತೆ ಅಪ್ಪನ ಕಡೆ ತಿರುಗಿದಳು. “ಊಂ ಕಣ್ಲಾ. ಅವ್ವ ಧಾರೆಲಿ ಉಟ್ಟಿದ್ದೂ ಅಸಿರೇಯ.”

“ನೀನ್ ನೋಡಿದ್ಯಾ ಅವ್ವನ ಧಾರೆಯ?”

“ಅವ್ವ ಏಳಿತ್ತು ಕಣ್ಲಾ ನಂಗೆ. ನೀನು ಮೋಟ್ರು ಬಿಚ್ಚೋದು ಬುಟ್ಟು ಯಾವತ್ತು ಕೂತು ಕೇಳಿದ್ದೀಯ?”

ಅಪ್ಪ ಎದ್ದ. ಹೊತ್ತಾಗುವ ಮೊದಲೇ ಬಾಗಿಲು ತೆಗೆಯಬಾರದು ಎಂದು ಅತ್ತೆ ಕೂಗುತ್ತಿದ್ದರೂ ಕೇಳದೆ, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಿ ಕುರ್ಚಿಯ ಮೇಲಿದ್ದ ಸೀರೆಯನ್ನು ತೆಗೆದು ಕಳಸದ ಪಕ್ಕ ಇಟ್ಟು, ಹಿಮ್ಮೆಟ್ಟಿಕೊಂಡು ಹೊರಗೆ ಬಂದು ಮತ್ತೆ ಬಾಗಿಲು ಮುಚ್ಚಿದ. “ಈಗ ಬಾ,” ಎಂದ. ನಮಗಲ್ಲ.

ಆ ರಾತ್ರಿ ನನಗೆ ಕನಸು ಬೀಳಲಿಲ್ಲ. ನಿದ್ದೆಯೇ ಹತ್ತಲಿಲ್ಲ.

ಬೆಳಿಗ್ಗೆ ಅಪ್ಪ ತಾನೇ ಕಾಫಿ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಲೋಟ ಕೊಡುವ ಮೊದಲೇ ಕೇಳಿದ: “ಇಡಿಸ್ತಂತಾ?”

ಇದು ಇನ್ನು ಪ್ರತಿ ಬೆಳಿಗ್ಗೆಯ ಪ್ರಶ್ನೆ ಎಂದು ಅವನ ಮುಖ ನೋಡಿದಾಗ ತಿಳಿಯಿತು. ಹಿಡಿಸಿತಂತೆ ಎಂದೆ. ಅಷ್ಟು ಹೇಳಿ ನಿಲ್ಲಿಸಿದ್ದರೆ ಅಮ್ಮನ ಮಾತಿನ ಹಾಗೆ ಇರುತ್ತಿರಲಿಲ್ಲ. ಅಮ್ಮ ಯಾವುದನ್ನೂ ತಪ್ಪು ತೆಗೆಯದೆ ಮೆಚ್ಚಿದವಳಲ್ಲ. “ಸೆರಗು ಗಿಡ್ಡ ಆಯ್ತು ಅಂದ್ಲು,” ಎಂದು ಸೇರಿಸಿದೆ. “ಅಂಗಡಿಯವನು ಮೋಸ ಮಾಡವ್ನೆ, ಅಳೆಸಿ ತರ್ಬೇಕಿತ್ತು ಅಂದ್ಲು.”

ಅಪ್ಪ ನಕ್ಕ. ವರ್ಷದ ಮೇಲೆ ನಕ್ಕದ್ದು. “ಅವ್ಳೇ ಕಣಮ್ಮ,” ಎಂದ. “ಅವ್ಳೇ ಬಂದಿರೋದು.” ನಗುತ್ತಲೇ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೋದ.

ಅತ್ತೆ ಸ್ನಾನಕ್ಕೆ ಹೋಗಿದ್ದಳು. ನಾನು ಬಾಗಿಲು ಹಾಕಿಕೊಂಡು, ಅಮ್ಮನ ಕಪ್ಪು ರವಿಕೆಯೊಂದನ್ನು ತೆಗೆದು ತೊಟ್ಟೆ. ಎಲ್ಲಿಯೂ ಬಿಗಿಯಾಗದೆ, ಎಲ್ಲಿಯೂ ಸಡಿಲಾಗದೆ ಕೂತಿತು. ನೇರಳೆ ಸೀರೆಯನ್ನು ಕವರಿನಿಂದ ತೆಗೆದು, ಮೊದಲ ಸಲ ಪೂರ್ತಿಯಾಗಿ ಬಿಡಿಸಿ ಉಟ್ಟೆ. ಸೆರಗು ಭುಜ ದಾಟಿ ಬೆನ್ನಿನ ಅರ್ಧಕ್ಕೇ ನಿಂತಿತು. ನೆರಿಗೆ ಹೆಚ್ಚು ಹಿಡಿದಿರಬೇಕು ಎಂದು ಬಿಚ್ಚಿ, ನೆರಿಗೆ ಕಡಿಮೆ ಮಾಡಿ ಮತ್ತೆ ಉಟ್ಟೆ. ಮತ್ತೆ ಅಷ್ಟೇ. ಹಾಸಿಗೆಯ ಮೇಲೆ ಹಾಸಿ, ಅಮ್ಮನ ಹಳೆಯ ಸೀರೆಯೊಂದನ್ನು ಪಕ್ಕದಲ್ಲಿಟ್ಟು ನೋಡಿದೆ. ಒಂದು ಗೇಣು ಗಿಡ್ಡವಿತ್ತು.

ಇನ್ನೊಂದು ಸಲ ಗೇಣು ಹಾಕಿ ಅಳೆದೆ. ಆಮೇಲೆ ಅದನ್ನೇ ಉಟ್ಟು, ಗಿಡ್ಡ ಸೆರಗಿಗೆ ಎರಡು ಪಿನ್ನು ಹಾಕಿ, ಅತ್ತೆಗೆ ಹೋಗಿ ಬರುತ್ತೇನೆಂದು ಕೂಗಿ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.