ಸವತಿಯ ಗೇರ್‌ಬಾಕ್ಸ್

ಹೋದ ತಿಂಗಳು ಕಿತ್ತೂರಿನ ಹೈವೇ ಬದಿಯಲ್ಲಿ ನಮ್ಮ ಗಾಡಿ ಪಂಕ್ಚರ್ ಆಗಿ ನಿಂತಾಗ, ಪಕ್ಕದ ಗ್ಯಾರೇಜಿನಲ್ಲಿ ಒಬ್ಬ ಮುದುಕ ತಗಡಿನ ಬುಟ್ಟಿಯೊಂದರಲ್ಲಿ ಚಿಮಣಿ ಎಣ್ಣೆ ಸುರಿದುಕೊಂಡು ಯಾವುದೋ ಹಲ್ಲುಚಕ್ರವನ್ನು ಹಳೇ ಬ್ರಷ್ಷಿನಿಂದ ತಿಕ್ಕುತ್ತಿದ್ದ. ರೇಶನ್ ಅಂಗಡಿಯಲ್ಲೂ ಕಾಣದ ಚಿಮಣಿ ಎಣ್ಣೆ ಅವನಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಆ ಎಣ್ಣೆಯ ಘಾಟು, ಅದರೊಳಗೆ ಕರಗಿದ ತುಕ್ಕು, ಬಿಸಿಲಿಗೆ ಕಾದ ಹಳೇ ಗ್ರೀಸು ಎಲ್ಲ ಕೂಡಿ ಮೂಗಿಗೆ ಬಡಿದದ್ದೇ ತಡ, ಎರಡು ಮಕ್ಕಳ ತಾಯಿಯಾದ ನಾನು ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ ಹನ್ನೊಂದು ವರ್ಷದ ಹುಡುಗಿಯಾಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ. ಬೇರೆಯವರಿಗೆ ಬಾಲ್ಯ ಎಂದರೆ ಮಲ್ಲಿಗೆಯದೋ ಹೋಳಿಗೆಯದೋ ವಾಸನೆ ಬರುತ್ತದಂತೆ. ಅವರು ಪುಣ್ಯವಂತರು. ನನಗೆ ಚಿಮಣಿ ಎಣ್ಣೆಯ ವಾಸನೆ ಬರುತ್ತದೆ. ಪಂಕ್ಚರ್ ತೆಗೆಸಿ ಹೊರಟ ಮೇಲೂ ಅದು ಮೂಗು ಬಿಡಲಿಲ್ಲ.

ನಮ್ಮದು ಪೌರೋಹಿತ್ಯದ ಮನೆತನ. ನಾನು ಹುಟ್ಟುವ ಹೊತ್ತಿಗೆ ಅಜ್ಜ ತೀರಿಕೊಂಡಿದ್ದರು. ನಡುಮನೆಯಲ್ಲಿ ಅವರ ಸಾಗವಾನಿ ಕಪಾಟು ಇತ್ತು, ಅದರ ತುಂಬ ಅವರು ಕೈಯಾರೆ ಬರೆದ ಪುಸ್ತಕಗಳಿದ್ದವು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರರು. ದಿನಾ ಬೆಳಿಗ್ಗೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಒಮ್ಮೆ ಕೇಳಿದ್ದು ನನಗೆ ಮರೆಯುತ್ತಿರಲಿಲ್ಲ. ಅಪ್ಪ ಹೊಗಳುವವರಲ್ಲ, ಆದರೆ ಬಂದ ಅತಿಥಿಗಳ ಮುಂದೆ ನನ್ನನ್ನು ಕರೆದು ನಿಲ್ಲಿಸುತ್ತಿದ್ದರು, ಅಷ್ಟೇ ಸಾಕಾಗಿತ್ತು. ಅಪ್ಪನ ತಮ್ಮ ಶೀನಕಾಕಾನ ಸಂಗತಿ ಬೇರೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಅಜ್ಜಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದದ್ದು ಇವನ ಸಲುವಾಗಿ. ಪಾಠಶಾಲೆಯಿಂದ ಓಡಿ ಬಂದವನು, ಮದುವೆ ಬೇಡವೆಂದವನು, ಎತ್ತಿನ ಗಾಡಿಯ ಕೀಲಿನಿಂದ ಹಿಡಿದು ಟ್ರ್ಯಾಕ್ಟರಿನ ಪಂಪಿನವರೆಗೆ ಏನು ಕೊಟ್ಟರೂ ಬಿಚ್ಚಿ ಜೋಡಿಸುವವನು. ಅವನ ಉಗುರಿನ ಸಂದಿಯ ಗ್ರೀಸು ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲವಾದ್ದರಿಂದ ಅಜ್ಜಿ ಅವನನ್ನು ಅಡಿಗೆಮನೆಯ ಹೊಸ್ತಿಲು ದಾಟಗೊಡದೆ ಹಿತ್ತಲ ಕಟ್ಟೆಯ ಮೇಲೆಯೇ ಉಣಬಡಿಸುತ್ತಿದ್ದಳು. ಅಲ್ಲಿ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಗೋದಾನ ಪಡೆದವರು, ಭೂದಾನ ಪಡೆದವರು ನಮ್ಮ ವಂಶದಲ್ಲಿ ಆಗಿಹೋಗಿದ್ದಾರೆ. ಕಾರು ದಾನ ಪಡೆದವನು ಶೀನಕಾಕಾ ಒಬ್ಬನೇ. ಒಂದು ಸಲ ಅಪ್ಪನಿಗೆ ಜ್ವರ ಬಂದು, ರಾಮದುರ್ಗದ ಕಡೆಯ ಒಂದು ಶ್ರೀಮಂತ ಮನೆತನದ ಹಳೇ ವಾಡೆಯಲ್ಲಿ ವಾಸ್ತುಶಾಂತಿ ಮಾಡಿಸಲು ಅವನೇ ಹೋಗಬೇಕಾಯಿತು. ಅರ್ಧಮರ್ಧ ಮಂತ್ರ ಹೇಳಿ ಮುಗಿಸಿ, ದಕ್ಷಿಣೆ ಏನು ಕೊಡಲಿ ಎಂದು ವಾಡೆಯವರು ಕೇಳಿದಾಗ, ಇವನು ದನದ ಕೊಟ್ಟಿಗೆಯತ್ತ ಬೊಟ್ಟು ಮಾಡಿದನಂತೆ. ಅಲ್ಲಿ ಎರಡೇ ಸೀಟಿನ, ತಲೆಯ ಮೇಲೆ ಛಾವಣಿಯಿಲ್ಲದ, ಮೂತಿ ಉದ್ದನೆಯ ಕೆಂಪು ವಿಲಾಯತಿ ಕಾರೊಂದು ಕೋಳಿಗಳಿಗೆ ಮನೆಯಾಗಿ ನಿಂತಿತ್ತು. ಒಂದು ಕಾಲಕ್ಕೆ ಪಂದ್ಯಕ್ಕೆ ಓಡಿಸುತ್ತಿದ್ದ ಜಾತಿಯ ಗಾಡಿಯಂತೆ. ಅದನ್ನು ಟ್ರೇಲರಿನಲ್ಲಿ ಹೇರಿಕೊಂಡು ಕಾಕಾ ಬೈಲಹೊಂಗಲದ ಪೇಟೆಯೊಳಗೆ ಬಂದಾಗ ಅರ್ಧ ಊರು ಹಿಂದೆ ಬಂದಿತ್ತು. ಅಜ್ಜಿ ನನ್ನ ಅವ್ವನ ಕೈಯಿಂದ ಆರತಿ ಎತ್ತಿಸುವುದೋ ತಾನು ಬೈಯುವುದೋ ತಿಳಿಯದೆ ಎರಡನ್ನೂ ಮಾಡಿದಳು. ಎಂಜಿನ್ನು ಚೆನ್ನಾಗಿತ್ತು. ಗೇರ್‌ಬಾಕ್ಸು ಮಾತ್ರ ತುಕ್ಕು ಹಿಡಿದು ಒಂದೇ ಗಡ್ಡೆಯಾಗಿತ್ತು. ಅಂಥ ಗಾಡಿಯ ಗೇರ್‌ಬಾಕ್ಸು ಬೆಳಗಾವಿಯಲ್ಲೂ ಸಿಗಲಿಲ್ಲ, ಪುಣೆಯಲ್ಲೂ ಸಿಗಲಿಲ್ಲ.

ವರ್ಷದ ಮೇಲೆ ಅದೇ ಜಾತಿಯ ಇನ್ನೊಂದು ಗಾಡಿ ಕಿತ್ತೂರಿನ ಹತ್ತಿರ ಸಿಕ್ಕಿತು. ಎಂದೋ ಹೈವೇಯಲ್ಲಿ ಪಲ್ಟಿಯಾಗಿ, ಮೈಯೆಲ್ಲ ಜಜ್ಜಿಹೋಗಿ, ಒಂದು ಧಾಬೆಯ ಹಿಂದೆ ಜಾಲಿಯ ಕಂಟಿಯಲ್ಲಿ ಬಿದ್ದಿತ್ತು. ಧಾಬೆಯವನ ಪಂಪ್‌ಸೆಟ್ಟು ದುರಸ್ತಿ ಮಾಡಿಕೊಟ್ಟು ಕಾಕಾ ಅದನ್ನೂ ಎಳೆದು ತಂದ. ಎರಡೂ ಗಾಡಿ ಹಿತ್ತಲಲ್ಲಿ ಅಕ್ಕಪಕ್ಕ ನಿಂತವು. ಮದುವೆ ಬೇಡ ಅಂದವ ಸವತೀನೂ ತಂದಾನ ನೋಡ್ರಿ ಎಂದು ಅಜ್ಜಿ ಅಂದದ್ದೇ ತಡ, ಆ ಮುರುಕು ಗಾಡಿಗೆ ಸವತಿ ಎಂಬ ಹೆಸರು ಬಿತ್ತು. ಮುಂದೆ ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಸವತಿಯ ಮೈ ಯಾವುದಕ್ಕೂ ಬಾರದಿದ್ದರೂ ಒಡಲೊಳಗಿನದೆಲ್ಲ ಗಟ್ಟಿಯಿತ್ತು: ಗೇರ್‌ಬಾಕ್ಸು, ಡೈನಮೊ, ರೇಡಿಯೇಟರು, ಎರಡು ಕಡ್ಡಿಗಾಲಿ. ಅದರಿಂದ ಬಿಚ್ಚಿ ಇದಕ್ಕೆ ಹಾಕಬೇಕು, ಇದೊಂದು ಬದುಕಬೇಕು. ಇಷ್ಟೇ ಕೆಲಸ. ಮುಗಿದ ಮೇಲೆ ಅಜ್ಜಿಯನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು ಮುರಗೋಡದ ಮಠಕ್ಕೆ ಹೋಗಿಬರುವುದೆಂದು ಕಾಕಾ ಮಾತು ಕೊಟ್ಟಿದ್ದ. ಅಜ್ಜಿ ನಕ್ಕು ತಳ್ಳಿಹಾಕುತ್ತಿದ್ದಳು. ಆದರೆ ಆ ಹೊತ್ತಿಗೆ ಉಡಬೇಕಾದ ಸೀರೆಯನ್ನು ಟ್ರಂಕಿನಲ್ಲಿ ಬೇರೆ ಎತ್ತಿಟ್ಟದ್ದು ನನಗೆ ಗೊತ್ತಿತ್ತು.

ಆ ಎರಡು ವರ್ಷ ನನ್ನ ಬಾಳಿನ ಸುಖದ ವರ್ಷಗಳು ಎಂದು ಬರೆಯಲು ನನಗೆ ಈಗ ಸಿಟ್ಟು ಬರುತ್ತದೆ, ಆದರೂ ಅದು ನಿಜ. ಶಾಲೆಯಿಂದ ಬಂದು ಪಾಟಿಚೀಲ ಎಸೆದು ಹಿತ್ತಲಿಗೆ ಓಡುತ್ತಿದ್ದೆ. ಕಾಕಾ ಬಿಚ್ಚುತ್ತಿದ್ದ, ನಾನು ಚಿಮಣಿ ಎಣ್ಣೆಯಲ್ಲಿ ಅದ್ದಿ ತಿಕ್ಕುತ್ತಿದ್ದೆ, ಅಜ್ಜಿ ಬತ್ತಿಗೆಂದು ಹೊಸೆದ ನೂಲನ್ನು ಕದ್ದು ತಂದು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಪೋಣಿಸಿಡುತ್ತಿದ್ದೆ. ಕಾಕಾ ಏನನ್ನೂ ಬರೆದಿಡುವವನಲ್ಲ. ಯಾವುದು ಎಲ್ಲಿಯದು, ಯಾವ ಗಾಡಿಯದು, ಯಾವ ಬೋಲ್ಟು ಅರ್ಧ ಸುತ್ತು ಹೆಚ್ಚು ಬಿಗಿಯಬೇಕು ಎಲ್ಲ ನನಗೆ ಒಂದು ಸಲ ಹೇಳಿ ತಾನು ಮರೆತುಬಿಡುತ್ತಿದ್ದ. ಬೆಳಿಗ್ಗೆ ಅಪ್ಪನ ಮುಂದೆ ಶಬ್ದರೂಪ, ಸಂಜೆ ಕಾಕಾನ ಮುಂದೆ ನಟ್ಟು ಬೋಲ್ಟು. ಎರಡೂ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದೆ. ನಮ್ಮ ಪಮ್ಮಿ ತಲ್ಯಾಗ ಎರಡು ಗಾಡಿ ಅವ ಎಂದು ಕಾಕಾ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಗಾಡಿ ಚಾಲೂ ಆಯಿತು. ಮೊದಲು ಕೆಮ್ಮಿತು, ಕರೀ ಹೊಗೆ ಉಗುಳಿತು, ಆಮೇಲೆ ಹಿತ್ತಲ ಗೋಡೆಯೆಲ್ಲ ನಡುಗುವ ಹಾಗೆ ಗುಡುಗಿತು. ಕಾಕಾ ಸವತಿಯ ಗೇರ್‌ಬಾಕ್ಸಿನ ಹಿಡಿಕೆಯನ್ನು ಮುಂದೆ ದೂಡಿದ. ಬಾವಿಯ ಕಟ್ಟೆಯಿಂದ ದಾಸವಾಳದ ಗಿಡದವರೆಗೆ ಗಾಡಿ ತಾನಾಗಿ ಉರುಳಿತು. ಮಡಿಯಲ್ಲಿದ್ದ ಅಜ್ಜಿ ಮಡಿ ಮರೆತು ಓಡಿಬಂದು ಅದರ ಮೂತಿ ಮುಟ್ಟಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಸಪ್ಪಳ ಭಾಳ ಮಾಡತದ ಎಂದರು. ಅಪ್ಪನಿಂದ ಅದು ಹೊಗಳಿಕೆಯೇ. ಇನ್ನು ಉಳಿದದ್ದು ಬ್ರೇಕು ಮತ್ತು ತಳದ ಹಲಗೆ. ಆ ಗಾಡಿಯ ತಳ ಕಟ್ಟಿಗೆಯದು, ಕೋಳಿಗಳ ಹಿಕ್ಕೆಗೆ ಅದು ಕೊಳೆತುಹೋಗಿತ್ತು.

ಇಲ್ಲಿಗೆ ಬಂದಾಗಲೆಲ್ಲ ನನ್ನ ಕೈ ನಿಲ್ಲುತ್ತದೆ, ಏಕೆಂದರೆ ಇಲ್ಲಿಯ ತಪ್ಪು ಕಾಕಾನದು, ಅವನನ್ನು ಉಳಿಸುವ ದಾರಿ ನನಗೆ ಇಂದಿಗೂ ಸಿಕ್ಕಿಲ್ಲ. ಒಳ್ಳೆಯ ಸಾಗವಾನಿಗಾಗಿ ಹುಡುಕಿ ಹುಡುಕಿ ಸಾಕಾಗಿ, ಅಪ್ಪ ಊರಲ್ಲಿಲ್ಲದ ಒಂದು ವಾರದಲ್ಲಿ, ಅವನು ಅಜ್ಜನ ಕಪಾಟಿನ ಒಳಹಲಗೆಗಳನ್ನು ಬಿಚ್ಚಿದ. ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಕತ್ತಲೆಕೋಣೆಯ ಮಣ್ಣಿನ ನೆಲದ ಮೇಲೆ ಇಟ್ಟ. ಬ್ರೇಕು ಆದ ಕೂಡಲೇ ಕಪಾಟಿಗೆ ಹೊಸ ಹಲಗೆ ತಂದು ಹಾಕುತ್ತೇನೆ ಎಂದುಕೊಂಡಿದ್ದನಂತೆ. ಕಪಾಟಿನ ಬಾಗಿಲು ಮುಚ್ಚಿಯೇ ಇದ್ದದ್ದರಿಂದ ಮಳೆಗಾಲವಿಡೀ ಯಾರಿಗೂ ತಿಳಿಯಲಿಲ್ಲ. ಅಜ್ಜನ ಶ್ರಾದ್ಧದ ಹಿಂದಿನ ದಿನ ಅವರ ಕೈಬರಹದ ಒಂದು ಪುಸ್ತಕ ಬೇಕಾಗಿ ಅಪ್ಪ ಕಪಾಟು ತೆರೆದರು. ಆಮೇಲೆ ಚೀಲ ಬಿಚ್ಚಿದರು. ಗೆದ್ದಲು ಒಂದು ಹಾಳೆಯನ್ನೂ ಬಿಟ್ಟಿರಲಿಲ್ಲ. ಅಪ್ಪ ಕೂಗಾಡಲಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಇಟ್ಟುಕೊಂಡು, ಆ ಮಣ್ಣುಪುಡಿಯನ್ನು ಹಿಡಿಹಿಡಿ ಎತ್ತಿ ನೋಡುತ್ತ ಸಂಜೆಯವರೆಗೆ ಕೂತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾಕಾ ಬಂದು ಕಾಲು ಹಿಡಿದ. ಅಪ್ಪ ಕಾಲು ಎಳೆದುಕೊಂಡು, ಇನ್ನು ಒಂದೇ ಒಲೆಯಲ್ಲಿ ಉಣ್ಣುವುದಿಲ್ಲ ಎಂದಷ್ಟೇ ಹೇಳಿದರು.

ಪಾಲು ಮಾಡಿಸಲು ಸವದತ್ತಿಯಿಂದ ಅಜ್ಜಿಯ ತಮ್ಮ ಬಂದರು, ಓಣಿಯ ಹಿರಿಯರಿಬ್ಬರು ಬಂದರು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಬೇಕು. ಅನ್ಯಾಯವಾಗದಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ್ದು. ಹೊಲ ಆಯಿತು, ಮನೆ ಆಯಿತು, ಹಂಡೆ ಕೊಡಗಳಾದವು. ಆಮೇಲೆ ಸವದತ್ತಿ ಅಜ್ಜ ಹಿತ್ತಲತ್ತ ನೋಡಿ, ಗಾಡಿ ಎರಡು ಅವ, ಅಣ್ಣಗೊಂದು ತಮ್ಮಗೊಂದು, ಬರೋಬರಿ ಆತಲ್ಲ ಎಂದು ಸಂತೋಷಪಟ್ಟರು. ಎರಡೂ ಕೂಡಿ ಒಂದೇ ಗಾಡಿ ಎಂದು ಕಾಕಾ ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ದಕ್ಷಿಣೆ ಮನೆತನದ್ದು, ಒಂದೇ ಒಲೆಯಲ್ಲಿ ಉಂಡು ಗಳಿಸಿದ್ದು ಒಟ್ಟಿನದು ಎಂದರು. ಕಾಕಾ ಕೆಂಪು ಗಾಡಿಯನ್ನು ಆರಿಸಿಕೊಂಡ. ಅವನ ಮುಖದಲ್ಲಿ ಗೆಲುವಿತ್ತು. ಸವತಿ ಆ ಹೊತ್ತಿಗೆ ಬರೀ ತಗಡಾಗಿತ್ತಲ್ಲ, ಬೇಕಾದದ್ದೆಲ್ಲ ಇತ್ತ ಬಂದಾಗಿತ್ತು. ಆಗ ಅಪ್ಪ ಬಾಯಿ ತೆರೆದರು.

"ನನ್ನ ಗಾಡೀದು ಅವನ ಗಾಡಿಯೊಳಗ ಏನೇನ ಅದ, ಎಲ್ಲಾ ವಾಪಸ್ ಬರಬೇಕು. ಅದರದು ಅದಕ್ಕ."

ಕಾಕಾ ಜೋರಾಗಿ ನಕ್ಕ. ಎರಡು ವರ್ಷ ಬಿಚ್ಚಿ ಜೋಡಿಸಿದ್ದು, ಈಗ ಯಾವುದು ಯಾವುದರದು ಎಂದು ಬ್ರಹ್ಮನೂ ಹೇಳಲಾರ ಎಂದ. ಹಿರಿಯರು ತಲೆ ಕೆರೆದುಕೊಂಡರು. ಹೋಗಲಿ ಬಿಡ್ರಿ ಮಾಸ್ತರ ಎಂದು ಒಬ್ಬರು ಅನ್ನತೊಡಗಿದ್ದರು ಕೂಡ. ಅಪ್ಪ ನನ್ನನ್ನು ಕರೆದರು, ಅತಿಥಿಗಳ ಮುಂದೆ ಕರೆಯುವ ಅದೇ ದನಿಯಲ್ಲಿ. "ಈಕಿಗೆ ಗೊತ್ತದ."

ನಾನು ಹೇಳಿದೆ. ಓದುಗರೇ, ಯಾರೂ ನನ್ನನ್ನು ಹೆದರಿಸಲಿಲ್ಲ, ಹೊಡೆಯಲಿಲ್ಲ, ಪುಸಲಾಯಿಸಲಿಲ್ಲ. ಕೈ ಕಟ್ಟಿ ನಿಂತು, ಗೇರ್‌ಬಾಕ್ಸಿನಿಂದ ಶುರುಮಾಡಿ, ಡೈನಮೊ, ರೇಡಿಯೇಟರು, ಬಲಗಡೆಯ ಎರಡು ಗಾಲಿ, ಕಾರ್ಬೋರೇಟರಿನ ಒಳಗಿನ ಚಿಟಿಕೆಯಷ್ಟು ಸಣ್ಣ ಸ್ಪ್ರಿಂಗಿನವರೆಗೆ, ಒಂದು ಕಡೆಯೂ ತಡವರಿಸದೆ ಒಪ್ಪಿಸಿದೆ. ಸವದತ್ತಿ ಅಜ್ಜ ಭಲೇ ಎಂದರು. ಮುಗಿಸಿ ಕಾಕಾನತ್ತ ನೋಡಿದೆ, ಅವನೂ ಭಲೇ ಅಂದಾನು ಎಂದು. ಅವನು ನನ್ನನ್ನು ನೋಡುತ್ತಿದ್ದ. ಅವನ ಮೋರೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರು ದಿನ ಅವನೊಬ್ಬನೇ ಕೂತು ಎಲ್ಲ ಬಿಚ್ಚಿದ. ನನ್ನನ್ನು ಕರೆಯಲಿಲ್ಲ. ನಾನು ಹೇಳಿದ ಕ್ರಮದಲ್ಲಿಯೇ ಒಂದೊಂದನ್ನೂ ಒರೆಸಿ ಸವತಿಯ ಒಡಲಲ್ಲಿ ಇಟ್ಟ, ಒಂದು ವಾಶರ್ ಕೂಡ ಉಳಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಗವಂಡಿಗಳು ಬಂದು ಎರಡು ಗಾಡಿಗಳ ನಡುವೆ ಗೋಡೆ ಎಬ್ಬಿಸಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ, ಇಲ್ಲಿ ಅದೂ ಆಗಲಿಲ್ಲ. ಆ ಗೇರ್‌ಬಾಕ್ಸಿನಿಂದ ಅಪ್ಪನಿಗೆ ಆಗಬೇಕಾದದ್ದು ಏನಿತ್ತು? ಮಳೆ ಅದರ ಮೇಲೆ ಸುರಿಯಿತು, ಬಳ್ಳಿ ಹಬ್ಬಿತು, ಅಪ್ಪ ಅತ್ತ ಒಮ್ಮೆಯೂ ಹಾಯಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅಪ್ಪನಿಗೆ ಶಾಂತವಾದದ್ದೂ ನನಗೆ ಕಾಣಲಿಲ್ಲ. ಅಜ್ಜಿ ಮರುವರ್ಷ ಹೋದಳು. ಎತ್ತಿಟ್ಟ ಆ ಸೀರೆಯನ್ನೇ ಅವ್ವ ಅವಳ ಮೇಲೆ ಹೊದಿಸಿದಳು. ದಿನಕರ್ಮ ಮುಗಿದ ಮೇಲೆ ಕಾಕಾ ಕೆಂಪು ಗಾಡಿಯನ್ನು ಗುಜರಿಯವನಿಗೆ ಕೊಟ್ಟು ಊರು ಬಿಟ್ಟ. ಅಪ್ಪ ತೀರಿಕೊಂಡು, ಮನೆ ಬೇರೆಯವರ ಕೈಸೇರಿ, ಈಗ ಅಲ್ಲಿ ಗೋಡೆಯೂ ಇಲ್ಲ, ಹಿತ್ತಲೂ ಇಲ್ಲ. ಸವತಿಯನ್ನು ಯಾರು ಒಯ್ದರೋ ನಾನು ಕೇಳಲಿಲ್ಲ.

ಕಿತ್ತೂರಿನಿಂದ ಬಂದ ಮರುವಾರ ನಾನು ಸುರೇಬಾನಕ್ಕೆ ಹೋದೆ. ಕಾಕಾ ಅಲ್ಲಿ ಟ್ರ್ಯಾಕ್ಟರ್ ರಿಪೇರಿಯ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದಾನೆ ಎಂದು ಕೇಳಿದ್ದೆ. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಕಂಡರೂ ಹೂಂ ಹಾಂ ಎಂದು ಇಬ್ಬರೂ ಸರಿದುಹೋಗುತ್ತಿದ್ದೆವು. ಮುದುಕನಾಗಿದ್ದ. ನನ್ನನ್ನು ಗುರುತಿಸಿ ಸ್ಟೂಲು ಒರೆಸಿ ಕೊಟ್ಟ, ಚಹಾ ತರಿಸಿದ, ಮಕ್ಕಳ ಸುದ್ದಿ ಕೇಳಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಕಡೆಗೆ ಹೇಳಿದೆ. "ಕಾಕಾ, ಅವತ್ತ ನಾ ಸುಮ್ಮನಿರಬೇಕಾಗಿತ್ತು."

ಅವನು ಕೈಯನ್ನು ಅರಿವೆಗೆ ಒರೆಸಿಕೊಂಡ. "ನಾ ಹಿರಿಯರ ಮುಂದ ಸುಳ್ಳ ಹೇಳಿದ್ದಿಲ್ಲ ಪಮ್ಮಿ," ಎಂದ. "ಖರೇನ ನನಗ ನೆನಪ ಇರಲಿಲ್ಲ. ನಿಮ್ಮಪ್ಪಗೂ ಗೊತ್ತಿದ್ದಿಲ್ಲ. ನಿನಗೊಬ್ಬಾಕಿಗೇ ಗೊತ್ತಿತ್ತು."

ಸಣ್ಣಾಕಿ ಇದ್ದಿ, ಹೋಗಲಿ ಬಿಡು ಎನ್ನುತ್ತಾನೆಂದು ಕಾದೆ. ಆ ಒಂದು ಮಾತಿಗಾಗಿಯೇ ಹೋಗಿದ್ದೆನಲ್ಲ. ಚಹಾ ಆರಿ ಕೆನೆ ಕಟ್ಟುವ ತನಕ ಕಾದೆ. ರಾಮದುರ್ಗದ ಬಸ್ಸು ದೂರದಲ್ಲಿ ಕಂಡಾಗ, ನಾನು ಹೊರಡುತ್ತೇನೆ ಎನ್ನುವ ಮೊದಲೇ, ಅವನೇ ಎದ್ದು ಹೋಗಿ ಕೈ ಮಾಡಿ ಅದನ್ನು ನಿಲ್ಲಿಸಿದ.