ಹಾಸ್ಟೆಲ್ ಪಟ್ಟಿಯ ಮೊದಲ ಸಾಲು

ಇಳಕಲ್ಲಿನ ಒಂದು ಕಾಲೇಜಿನಲ್ಲಿ ವೆಬ್‌ಪುಟ ನೋಡಿಕೊಳ್ಳುವ ತಾತ್ಕಾಲಿಕ ಕೆಲಸಕ್ಕೆ ಸೇರಿ ನನಗೆ ಇನ್ನೂ ತಿಂಗಳಾಗಿರಲಿಲ್ಲ. ಹುಡುಗಿಯರ ಹಾಸ್ಟೆಲ್ಲಿನ ಪಟ್ಟಿಯನ್ನು ಪುಟಕ್ಕೆ ಹಾಕಬೇಕಿತ್ತು. ಮೊದಲ ಇಪ್ಪತ್ತು ಮಂದಿಗೆ ಕೋಣೆ. ಅವರು ಶುಕ್ರವಾರ ಸಂಜೆ ಐದರೊಳಗೆ ಬಂದು ಸಹಿ ಮಾಡಬೇಕು. ಉಳಿದವರು ಕಾಯಬೇಕು.

ವಾರ್ಡನ್ ಮೇಡಂ ಟೈಪ್ ಮಾಡಿ ಕಳಿಸಿದ ಹೆಸರುಗಳಿಗೆ ಸಂಖ್ಯೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಓಎಲ್ ಎಂಬ ಟ್ಯಾಗಿನೊಳಗೆ ಒಂದೊಂದು ಸಾಲನ್ನೂ ಎಲ್‌ಐ ಟ್ಯಾಗಿನಲ್ಲಿ ಇಟ್ಟರೆ ಸಾಕು; ಒಂದು, ಎರಡು ಎಂದು ಬ್ರೌಸರೇ ಎಣಿಸಿಕೊಂಡು ಹೋಗುತ್ತದೆ. ಎಲ್ಲ ಸಾಲುಗಳಿಗೂ ಒಂದೇ ಸಲಕ್ಕೆ ಟ್ಯಾಗ್ ಹಚ್ಚಿದೆ. ಹೆಸರುಗಳ ಕಾಗುಣಿತವನ್ನು ಎರಡು ಬಾರಿ ನೋಡಿದೆ. ಸಂಖ್ಯೆಗಳನ್ನು ನೋಡಲಿಲ್ಲ.

ಶುಕ್ರವಾರ ನಾಲ್ಕೂವರೆಗೆ ಮೇಡಂ ತಮ್ಮ ಹಾಳೆ ಹಿಡಿದು ಬಂದರು. "ಗುಡೂರಿನ ಹುಡುಗಿ ಒಬ್ಬಾಕಿ ಬಂದಿಲ್ಲ ನೋಡವಾ. ಇಪ್ಪತ್ತನೇದಾಕಿ. ಐದಾದ್ರ ಮುಂದಿನಾಕಿಗೆ ಕೊಡ್ತೇನಿ."

ಪುಟ ತೆರೆದೆ. ಆ ಹುಡುಗಿಯ ಹೆಸರಿನ ಮುಂದೆ ಇಪ್ಪತ್ತೊಂದು ಎಂದಿತ್ತು. ಮೇಲಕ್ಕೆ ಹೋದೆ. ಒಂದನೆಯ ಸಂಖ್ಯೆಯ ಮುಂದೆ 'ಶ್ರೀ ಗುರು ಬಸವಲಿಂಗಾಯ ನಮಃ' ಎಂದಿತ್ತು. ನಮ್ಮ ಕಡೆ ಕಿರಾಣಿ ಚೀಟಿಯನ್ನೂ ಆ ಸಾಲಿನಿಂದಲೇ ಶುರು ಮಾಡುವವರಿದ್ದಾರೆ. ಮೇಡಂ ಹೆಸರುಗಳ ಮೇಲೆ ಟೈಪ್ ಮಾಡಿದ್ದ ಅದಕ್ಕೂ ನಾನು ಟ್ಯಾಗ್ ಹಚ್ಚಿಬಿಟ್ಟಿದ್ದೆ; ರೂಢಿಯಾದ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಕೆಲಸ ಹೋಗುತ್ತದೆ ಎಂಬುದೇ ಮೊದಲು ಹೊಳೆದದ್ದು. ಆ ಸಾಲನ್ನು ಸುಮ್ಮನೆ ಪಟ್ಟಿಯಿಂದ ಹೊರಗಿಟ್ಟರೆ ಸಂಖ್ಯೆಗಳು ತಾವೇ ಸರಿಹೋಗುತ್ತವೆ, ಯಾರಿಗೂ ತಿಳಿಯುವುದಿಲ್ಲ. ಆದರೆ ದಿನಾ ಬಸ್ಸಿಗೆ ಓಡಾಡಲು ಮನೆಯಲ್ಲಿ ಒಪ್ಪುವುದಿಲ್ಲ, ಕೋಣೆ ಸಿಗದಿದ್ದರೆ ಓದು ನಿಲ್ಲುತ್ತದೆ ಎಂದು ಅವಳು ಅರ್ಜಿಯಲ್ಲಿ ಬರೆದಿದ್ದನ್ನು ನಾನು ಓದಿದ್ದೆ.

"ತಪ್ಪು ನಂದ್ರಿ ಮೇಡಂ," ಎಂದೆ. ಪರದೆಯನ್ನು ಅವರತ್ತ ತಿರುಗಿಸಿ ತೋರಿಸಿದೆ.

ಮೇಡಂ ಕನ್ನಡಕ ಏರಿಸಿ ನೋಡಿದರು. "ದೇವ್ರಿಗೂ ಒಂದ್ ಖೋಲಿ ಕೊಟ್ಟೀಯಲ್ಲವಾ!" ಅವರು ನಗಲಿಲ್ಲ. "ಫೋನ್ ಹಚ್ಚು ಮೊದಲ."

ಮೂರು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ. ಗೋಡೆಯ ಗಡಿಯಾರದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ನಾಲ್ಕನೆಯ ಸಲ ಅವಳ ಅಪ್ಪ ಎತ್ತಿದರು. "ಇಪ್ಪತ್ತರಾಗ ನಂಬರ್ ಬಂದಿಲ್ಲ ಅಂದಾಳ್ರಿ. ಕಾಲೇಜ್ ಬಿಡಸೂನು ಅಂತ ಮಾತಾಡಾಕತ್ತಿದ್ವಿ."

ನನ್ನ ಮಾತು ತೊದಲಿತು. ಮೇಡಂ ಫೋನ್ ಕಸಿದುಕೊಂಡು, "ನಾಳೆ ಹತ್ತಕ್ಕ ಕರ್ಕೊಂಡ್ ಬರ್ರಿ. ಅಲ್ಲೀತನಾ ಯಾರಿಗೂ ಕೊಡಂಗಿಲ್ಲ," ಎಂದರು.

ಮರುದಿನ ಅವಳು ಬಂದಳು. ಸಹಿ ಮಾಡುವ ಮೊದಲು ನನ್ನ ಪರದೆಯತ್ತ ಬಗ್ಗಿ, "ಈಗ ಇಪ್ಪತ್ತು ಐತಲ್ರಿ ಅಕ್ಕಾರ? ಮತ್ತ ಬದಲಾಗಂಗಿಲ್ಲ ಹೌದಿಲ್ರಿ?" ಎಂದಳು.

ಬದಲಾಗುವುದಿಲ್ಲ ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅಪ್ಪನ ಫೋನ್ ಇಸಿದುಕೊಂಡು ಪರದೆಯ ಫೋಟೊ ತೆಗೆದುಕೊಂಡ ಮೇಲೆಯೇ ಪೆನ್ನು ಕೇಳಿದಳು.